ಮದುವೆಗೆ ಮೊದಲೋ, ಆಮೇಲೋ? ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ದಿನ ಗೊತ್ತುಮಾಡುವುದು ಹೇಗೆ

ಪುಣೆಯಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಮಗಳ ಮದುವೆ. ಅಷ್ಟರಲ್ಲಿ ತಾಯಿಗೆ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು ಬರುತ್ತದೆ. ಸೋನೋಗ್ರಫಿಯಲ್ಲಿ ಪಿತ್ತಕೋಶದ ಕಲ್ಲು ಕಾಣಿಸುತ್ತದೆ. ‘ಮದುವೆ ಮುಗಿಯಲಿ, ಆಮೇಲೆ ನೋಡೋಣ’ ಎಂದು ಹೆಚ್ಚಿನ ಮನೆಗಳಲ್ಲಿ ಹೇಳುತ್ತಾರೆ. ಇದು ಕೆಲವೊಮ್ಮೆ ಸರಿ, ಕೆಲವೊಮ್ಮೆ ಅಪಾಯ.

ಮೊದಲು ನೋಡಬೇಕಾದದ್ದು ಕಲ್ಲು ತೊಂದರೆ ಕೊಟ್ಟಿದೆಯೇ ಎಂಬುದನ್ನು. ಬೇರೆ ಕಾರಣಕ್ಕೆ ಮಾಡಿಸಿದ ತಪಾಸಣೆಯಲ್ಲಿ ಕಲ್ಲು ಕಂಡಿದ್ದು, ನೋವೇ ಇಲ್ಲದಿದ್ದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಆದರೆ ಒಮ್ಮೆ ನೋವು ಬಂದರೆ ಮತ್ತೆ ಬರುವ ಸಂಭವ ಹೆಚ್ಚು. ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ತುಪ್ಪದ ಹೋಳಿಗೆ, ಕರಿದ ತಿಂಡಿಗಳ ಮದುವೆಮನೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಪಥ್ಯದಿಂದ ನೋವು ಕಡಿಮೆಯಾಗಬಹುದು, ಕಲ್ಲು ಕರಗುವುದಿಲ್ಲ.

ಇನ್ನು ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿ. ದುರ್ಬೀನಿನ (ಲ್ಯಾಪರೊಸ್ಕೋಪಿ) ಆಪರೇಷನ್ ಆದವರು ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಒಂದೆರಡು ವಾರದಲ್ಲಿ ಹಗುರ ಕೆಲಸ ಮಾಡಬಹುದು, ಆದರೆ 4ರಿಂದ 6 ವಾರ ಭಾರ ಎತ್ತಬಾರದು. ಕೆಲವರಿಗೆ ಆಪರೇಷನ್ ನಡೆಯುತ್ತಿರುವಾಗಲೇ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯಬೇಕಾಗುತ್ತದೆ. ಆಗ ಚೇತರಿಕೆಗೆ 6ರಿಂದ 8 ವಾರ ಬೇಕು. ಹಾಗಾಗಿ ಎರಡು ತಿಂಗಳಿದ್ದರೆ ನನ್ನ ಮಟ್ಟಿಗೆ ಈಗಲೇ ಮಾಡಿಸುವುದು ಒಳ್ಳೆಯದು. ಮೂರೇ ವಾರ ಉಳಿದಿದ್ದು, ಒಂದೇ ಸಲ ಸಣ್ಣಗೆ ನೋವು ಬಂದು ಹೋಗಿದ್ದರೆ, ಸರ್ಜನ್ ಒಪ್ಪಿದರೆ ಪಥ್ಯದಲ್ಲಿದ್ದು ಕಾಯಬಹುದು. ಮದುಮಗಳಿಗೇ ಕಲ್ಲಿನ ನೋವಿದ್ದರೆ, ಗರ್ಭಿಣಿಯಾಗುವ ಮೊದಲೇ ಮುಗಿಸುವುದು ಲೇಸು. ಬಸುರಿನಲ್ಲಿ ಈ ತೊಂದರೆ ಹೆಚ್ಚುತ್ತದೆ, ಚಿಕಿತ್ಸೆಯೂ ಕಷ್ಟ.

ಜ್ವರ, ಚಳಿನಡುಕ, ಕಣ್ಣು ಹಳದಿಯಾಗುವುದು, ಗಂಟೆಗಟ್ಟಲೆ ನಿಲ್ಲದ ನೋವು ಮತ್ತು ವಾಂತಿ ಕಂಡರೆ ಮುಹೂರ್ತದ ಲೆಕ್ಕ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ಕಲ್ಲು ಪಿತ್ತನಾಳಕ್ಕೆ ಜಾರಿದರೆ ಕಾಮಾಲೆಯಾಗಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಅದು ಜೀವಕ್ಕೇ ಕುತ್ತು.

ಆಷಾಢದಲ್ಲಿ ಶುಭಕಾರ್ಯ ಬೇಡವೆಂದು ಆಪರೇಷನ್ನನ್ನೂ ಮುಂದೂಡುವವರಿದ್ದಾರೆ. ಮದುವೆಗಳಿಲ್ಲದ ತಿಂಗಳು, ಮನೆಯಲ್ಲಿ ನೋಡಿಕೊಳ್ಳಲು ಜನರೂ ಸಿಗುತ್ತಾರೆ. ಅದಕ್ಕಿಂತ ಅನುಕೂಲದ ಕಾಲ ಯಾವುದು?

ಸಕ್ಕರೆ ಕಾಯಿಲೆಯವರು ಮೊದಲು ಅದನ್ನು ಹತೋಟಿಗೆ ತರಬೇಕು, ಅದಕ್ಕೂ ಸಮಯ ಹಿಡಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ನೋಡಿ: ಹಲವು ಪಾಲಿಸಿಗಳಲ್ಲಿ ಪಿತ್ತಕೋಶದ ಕಲ್ಲಿಗೆ ಎರಡು ವರ್ಷ ಕಾಯಬೇಕೆಂಬ ಷರತ್ತಿರುತ್ತದೆ. ಒಪ್ಪಿಗೆ ಪತ್ರ ಮರಾಠಿ ಅಥವಾ ಇಂಗ್ಲಿಷಿನಲ್ಲಿದ್ದರೆ, ಅದನ್ನು ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳಬಲ್ಲವರು ಜೊತೆಯಲ್ಲಿರಲಿ.

ಪುಣೆಯಿಂದ ಹುಬ್ಬಳ್ಳಿ 400 ಕಿಲೋಮೀಟರಿಗೂ ಹೆಚ್ಚು. ಆಪರೇಷನ್ನಿನ ನಂತರ ಬಹಳ ಹೊತ್ತು ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಗಂಟೆ–ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಡಿಸ್ಚಾರ್ಜ್ ಕಾಗದದ ಪ್ರತಿ ಮತ್ತು ಸರ್ಜನ್ ಫೋನ್ ನಂಬರು ಲಗ್ನಪತ್ರಿಕೆಗಳ ಚೀಲದಲ್ಲಿ ಬೇಡ, ಅಮ್ಮನ ಕೈಚೀಲದಲ್ಲೇ ಇರಲಿ.