ತುಂಬೆ ಗಿಡ ಕೀಳುವ ಮುಂಚೆ

ಹಿತ್ತಲಲ್ಲಿ ಸಿಹಿಗುಂಬಳದ ಬಳ್ಳಿ ಹಬ್ಬಿದೆ. ತುಂಬಾ ಹೂ ಬಿಟ್ಟಿದೆ. ಆದರೆ ಕಾಯಿ ಕಚ್ಚುತ್ತಿಲ್ಲ. ಹೀಚು ಹಳದಿಯಾಗಿ ಉದುರುತ್ತಿದೆ. ದೃಷ್ಟಿ ತಗುಲಿತು ಅಂತ ನಾವು ಹಳೇ ಚಪ್ಪಲಿ ಕಟ್ತೀವಿ. ಅದರಿಂದ ಕಾಯಿ ಬರುತ್ತಾ ಅಕ್ಕ?

ಬಳ್ಳಿಯನ್ನೇ ಸರಿಯಾಗಿ ನೋಡೋಣ. ಅದರಲ್ಲಿ ಎರಡು ತರಹದ ಹೂ ಇವೆ. ಬುಡದಲ್ಲಿ ಪುಟ್ಟ ಹೀಚು ಇದ್ದರೆ ಹೆಣ್ಣು ಹೂ. ಬರೀ ತೊಟ್ಟು ಇದ್ದರೆ ಗಂಡು ಹೂ. ಗಂಡು ಹೂವಿನ ಹಳದಿ ಪುಡಿ ಹೆಣ್ಣು ಹೂವಿಗೆ ಮುಟ್ಟಬೇಕು. ಆಗಲೇ ಕಾಯಿ ನಿಲ್ಲೋದು. ಈ ಪುಡಿಗೆ ಪರಾಗ ಅಂತಾರೆ. ಅದು ಅಂಟು ಅಂಟಾಗಿರುತ್ತೆ. ಗಾಳಿಗೆ ಹಾರಲ್ಲ. ಜೇನುಹುಳ ಮೈಗೆ ಮೆತ್ತಿಕೊಂಡು ಒಯ್ಯಬೇಕು. ಕುಂಬಳದ ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತೆ. ಅಷ್ಟರಲ್ಲಿ ಜೇನು ಬರದಿದ್ದರೆ ಆ ಹೂ ಹೋಯಿತು. ನೀರು ಸಾಲದಿದ್ದರೂ ಹೀಚು ಉದುರುತ್ತೆ, ನಿಜ. ನೀರು ಹಾಕಿದರೂ ಉದುರಿದರೆ ಜೇನು ಬರ್ತಿದೆಯಾ ಅಂತ ನೋಡಬೇಕು.

ಜೇನಿಗೆ ದಿನಾ ಊಟ ಬೇಕು. ನಮ್ಮ ಒಂದು ಬಳ್ಳಿಯ ಹೂ ಅದಕ್ಕೆ ಸಾಲಲ್ಲ. ಇಲ್ಲೇ ತುಂಬೆ ಗಿಡ ಕೆಲಸಕ್ಕೆ ಬರೋದು.

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹೊಲದ ಬದುವಿನಲ್ಲಿ ತುಂಬೆ ತಾನಾಗೇ ಹುಟ್ಟುತ್ತೆ. ಶಿವರಾತ್ರಿ ಬಂದರೆ ಅದರ ಹೂ ಹುಡುಕಿಕೊಂಡು ಹೋಗ್ತೀವಿ. ಮಿಕ್ಕ ದಿನ ಕಳೆ ಅಂತ ಕಿತ್ತು ಎಸೀತೀವಿ! ಚಿಕ್ಕವರಿದ್ದಾಗ ಆ ಬಿಳಿ ಹೂವಿನ ಬುಡ ಚೀಪಿಲ್ಲವಾ? ಆ ಸಿಹಿಯೇ ಜೇನಿನ ಊಟ. ಮಳೆಗೆ ಹುಟ್ಟಿದ ತುಂಬೆ ತಿಂಗಳುಗಟ್ಟಲೆ ಹೂ ಬಿಡುತ್ತೆ. ತುಡುವೆ ಜೇನು, ಕೋಲು ಜೇನು, ಚಿಟ್ಟೆ ಎಲ್ಲ ಬರುತ್ತವೆ. ಬಂದ ಜೇನು ಪಕ್ಕದ ಕುಂಬಳಕ್ಕೂ ಹೋಗುತ್ತೆ. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಕ್ಕೂ ಇದೇ ಜೇನು ಬೇಕು. ಜೇನು ಕಡಿಮೆಯಾದರೆ ಕಾಳು ಜೊಳ್ಳಾಗುತ್ತೆ.

ತುಂಬೆ ಒಂದು ವರ್ಷದೊಳಗೆ ಬೆಳೆದು ಒಣಗುವ ಗಿಡ. ಒಣಗಿದ ಗುಂಡು ಗೊಂಚಲನ್ನು ಅಂಗೈಯಲ್ಲಿ ಉಜ್ಜಿ. ಸಣ್ಣ ಬೀಜ ಉದುರುತ್ತವೆ. 1 ಚಿಟಿಕೆ ಬೀಜಕ್ಕೆ 1 ಹಿಡಿ ಮರಳು ಬೆರೆಸಿ. ಮುಂಗಾರು ಮಳೆ ಬಿದ್ದ ಮೇಲೆ ಬೇಲಿ ಪಕ್ಕ ಬಿಸಿಲಲ್ಲಿ ಚೆಲ್ಲಿ. ಮೇಲೆ ಮಣ್ಣು ಎಳೆಯೋದು ಬೇಡ. ಗೊಬ್ಬರವೂ ಬೇಡ. ಗಿಡ 1ರಿಂದ 2 ಅಡಿ ಬೆಳೆಯುತ್ತೆ. ಆಮೇಲೆ ತಾನೇ ಬೀಜ ಉದುರಿಸಿ ಮುಂದಿನ ಮಳೆಗೆ ಹುಟ್ಟುತ್ತೆ.

ಎಲ್ಲ ಕಡೆ ಬಿಡಿ ಅಂತಲ್ಲ. ರಾಗಿ ಪೈರಿನ ನಡುವೆ ಬಂದರೆ ಕೀಳಲೇಬೇಕು. ಕಾಂಗ್ರೆಸ್ ಗಿಡವನ್ನಂತೂ ಎಲ್ಲಿ ಕಂಡರೂ ಹೂ ಬಿಡುವ ಮುಂಚೆ ಕೀಳಿ. ಅದು ಹೊರದೇಶದಿಂದ ಬಂದದ್ದು, ಮೈಗೆ ತುರಿಕೆ ತರುತ್ತೆ. ಹೂ ಅರಳಿರುವ ಬೆಳಗಿನ ಹೊತ್ತು ಗಿಡಕ್ಕೆ ಔಷಧಿ ಹೊಡೆಯಬೇಡಿ. ಜೇನು ಸಾಯುತ್ತೆ.

ತುಂಬೆ ಬೆಳೆಯುವ ತನಕ ಏನು ಮಾಡೋದು? ಬೆಳಿಗ್ಗೆ 8 ಗಂಟೆಯೊಳಗೆ 1 ಗಂಡು ಹೂ ಕಿತ್ತು ಎಸಳು ಬಿಡಿಸಿ. ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಕೆಲವು ದಿನದಲ್ಲಿ ಹೀಚು ಊದಿದರೆ ಕಾಯಿ ನಿಂತಿದೆ ಅಂತ ಲೆಕ್ಕ.