ಗ್ರೀಕರ ಕಂಚಿನ ಕಾಸುಗಳು

ಗ್ರೀಕರ ನಾಣ್ಯವೆಂದೊಡನೆ ಅಥೆನ್ಸಿನ ಗೂಬೆಯುಳ್ಳ ಬೆಳ್ಳಿಯ ನಾಣ್ಯವೇ ನಮ್ಮ ನೆನಪಿಗೆ ಬರುವುದು. ಆದರೆ ಸಂತೆಯಲ್ಲಿ ಸೊಪ್ಪನ್ನೋ ಮೀನನ್ನೋ ಕೊಳ್ಳುವವನಿಗೆ ಒದಗಿದುದು ಕಂಚಿನ ಕಾಸು. ಅದಕ್ಕೆ ಖಾಲ್ಕೂಸ್ ಎಂದು ಹೆಸರು. ಅಥೆನ್ಸಿನಲ್ಲಿ ಅಂಥವು 8 ಸೇರಿದರೆ ಒಂದು ಒಬೊಲ್, 48 ಸೇರಿದರೆ ಒಂದು ದ್ರಾಖ್ಮ.

ಬೆಳ್ಳಿಗೆ ಒಗ್ಗಿದ್ದ ಆ ನಗರದಲ್ಲಿ ಕೀಳು ಲೋಹಕ್ಕೆ ಮೊದಲು ಮನ್ನಣೆಯಿರಲಿಲ್ಲ. ಕ್ರಿ. ಪೂ. 405ರಲ್ಲಿ ಪ್ರಯೋಗವಾದ 'ಕಪ್ಪೆಗಳು' ಎಂಬ ಹರ್ಷನಾಟಕದಲ್ಲಿ ಅರಿಸ್ಟೊಫೇನೀಸನು ಕುಲೀನರನ್ನು ಹಳೆಯ ಒಳ್ಳೆಯ ನಾಣ್ಯಕ್ಕೂ, ಹೊಸ ಮುಖಂಡರನ್ನು ಯುದ್ಧಕಾಲದ ಅಭಾವದಲ್ಲಿ ಅಚ್ಚಾದ ತಾಮ್ರಕ್ಕೂ ಹೋಲಿಸಿ ಹಳಿದಿದ್ದಾನೆ. ಕವಿಯ ಈ ತಿರಸ್ಕಾರವನ್ನು ನಾವು ಒಪ್ಪಲಾರೆವು.

ಏಕೆಂದರೆ ಕಾಸಿನ ಮೇಲಣ ಚಿಹ್ನೆ ಊರಿನ ಮುದ್ರೆ. ಓದು ಬಾರದವನೂ ಅದನ್ನು ಗುರುತಿಸಬಲ್ಲನು. ರೋಡ್ಸ್ ದ್ವೀಪದ ಕಾಸಿನಲ್ಲಿ ಗುಲಾಬಿಯಿದೆ. ಗ್ರೀಕಿನಲ್ಲಿ ಗುಲಾಬಿಗೆ 'ರೋಡಾನ್' ಎಂದೇ ಹೆಸರು. ನಮ್ಮ ಕವಿಗಳ ಶ್ಲೇಷೆಯನ್ನು ಲೋಹದಲ್ಲಿ ಒತ್ತಿದಂತಾಯಿತು! ಎಫೆಸಸ್ಸಿನ ಕಾಸಿನಲ್ಲಿ ಜೇನುನೊಣವೂ ಜಿಂಕೆಯೂ ಉಂಟು; ಅವೆರಡೂ ಅಲ್ಲಿಯ ಆರ್ಟಿಮಿಸ್ ದೇವಿಗೆ ಸೇರಿದವು. ಕಪ್ಪು ಸಮುದ್ರದ ದಡದ ಓಲ್ಬಿಯದವರಂತೂ ಕಾಸನ್ನೇ ಡಾಲ್ಫಿನ್ನಿನ ಆಕಾರದಲ್ಲಿ ಎರಕ ಹೊಯ್ದರು.

ಸಂಗ್ರಹಿಸುವವರಿಗೆ ಒಂದು ಮಾತು. ಪುಡಿಪುಡಿಯಾಗಿ ಉದುರುವ ತಿಳಿಹಸುರು ಕಂಚಿಗೆ ರೋಗ. ಅದನ್ನು ಬಲ್ಲವರಿಗೆ ತೋರಿಸಬೇಕು. ಗಟ್ಟಿಯಾಗಿ ಕೂತ ಹಸುರು ಪದರವಾದರೋ ಕೊಳೆಯಲ್ಲ; ಚಿತ್ರದ ನವುರಾದ ಗೆರೆಗಳು ಎಷ್ಟೋ ವೇಳೆ ಉಳಿದಿರುವುದು ಅದರಲ್ಲಿಯೇ. ಇದನ್ನರಿಯದೆ ನಾವೊಮ್ಮೆ ರೋಡ್ಸಿನ ಕಾಸೊಂದನ್ನು, ಪೂಜೆಯ ಪಾತ್ರೆಯನ್ನು ಬೆಳಗುವಂತೆ, ಹುಣಸೇಹಣ್ಣಿನಿಂದ ತಿಕ್ಕಿದೆವು. ಥಳಥಳಿಸುವ ಬಿಲ್ಲೆ ಉಳಿಯಿತು, ಗುಲಾಬಿ ಹೋಯಿತು.