ಬೆರಕೆ ಸೊಪ್ಪು ಕೀಳುವ ಮುನ್ನ

ಅಕ್ಕ-ತಂಗಿಯರೇ, ಬೆಳಗಿನ ಹಾಲು ಡೇರಿಗೆ ಹಾಕಿ ಹುಲ್ಲಿಗೆ ಹೋದರೆ, ಹೊರೆಯ ಜೊತೆಗೆ ಮಡಿಲಲ್ಲಿ ಒಂದಿಷ್ಟು ಸೊಪ್ಪೂ ಮನೆಗೆ ಬರುತ್ತದಲ್ಲವೇ? ಯುಗಾದಿಯ ಆಸುಪಾಸಿನಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ಬದು, ಕಾಲುವೆಯಂಚಿನಲ್ಲಿ ಅಣ್ಣೆ, ಗಣಿಕೆ, ಕಿರಕಸಾಲೆ, ಹೊನಗೊನ್ನೆ ಚಿಗುರುತ್ತವೆ. ನಾಲ್ಕೈದು ಬಗೆ ಬೆರೆಸಿ, ಬೇಳೆಯೊಂದಿಗೆ ಬೇಯಿಸಿ ಮಸ್ಸೊಪ್ಪು ಮಾಡಿದರೆ ಮುದ್ದೆಗೆ ಬೇರೇನೂ ಬೇಡ. ಬೇವಿನ ಮರದಡಿ ಬಟ್ಟೆ ಹಾಸಿ, ಉದುರಿದ ಹೂವನ್ನು ಒಣಗಿಸಿಡಿ. ಒಂದು ಚಮಚ ಹೂವು ತುಪ್ಪದಲ್ಲಿ ಹುರಿದು ತಿಳಿಸಾರಿಗೆ ಹಾಕಿದರೆ ಬಾಯಿಗೆ ಹಿತ.

ಆದರೆ ಒಂದು ಎಚ್ಚರ. ಆಳು ಸಿಗದೆ ಈಗ ಬದುವಿಗೂ ಕಳೆನಾಶಕ ಹೊಡೆಯುತ್ತಾರೆ. ಹೊಡೆದ ಮೇಲೂ ಗಿಡ ಕೆಲವು ದಿನ ಹಸಿರಾಗಿಯೇ ಇರಬಹುದು, ನೋಡಿದರೆ ಗೊತ್ತಾಗದು. ಆದ್ದರಿಂದ ಬೇರೆಯವರ ಹೊಲವಾದರೆ ಕೇಳಿಯೇ ಕೀಳಿ. ನಿಮ್ಮ ಹೊಲಕ್ಕೆ ಹೊಡೆಸಿದ್ದರೆ ನೆರೆಯವರಿಗೆ ತಿಳಿಸಿ. ಅಂಥ ಬದುವಿನ ಸೊಪ್ಪು ಅಡುಗೆಗೂ ಬೇಡ, ಹುಲ್ಲು ಹಸುವಿಗೂ ಬೇಡ.

ಗುರುತು ಸಿಗದ ಸೊಪ್ಪನ್ನು ಅತ್ತೆಗೋ ಅಜ್ಜಿಗೋ ತೋರಿಸಿ. ಅವರಿಗೂ ತಿಳಿಯದಿದ್ದರೆ ಬಿಟ್ಟುಬಿಡಿ. ಗಣಿಕೆಯ ಹಸಿರು ಕಾಯಿ ವಿಷ, ತಿನ್ನಬಾರದೆಂದು ಮಕ್ಕಳಿಗೆ ಹೇಳಿ.

ಒಂದು ಬದುವನ್ನಾದರೂ ಔಷಧಿ ಸೋಕಿಸದೆ ಕುಡುಗೋಲಿನಲ್ಲೇ ಸವರಿ. ಹಸುವಿಗೆ ಮೇವೂ ಆಯಿತು, ಮನೆಗೆ ಸೊಪ್ಪೂ ಆಯಿತು.